ಗಂಡಾಳು, ಹೆಣ್ಣಾಳು ಮತ್ತು ನಮ್ಮ ದರಪಟ್ಟಿ

ಸಂಘದ ವತಿಯಿಂದ ಬೆಳೆಗಾರರ ತೋಟಗಳಿಗೆ ಆಳುಗಳ ತಂಡವನ್ನು ಒದಗಿಸಿಕೊಡುವ ವಿಚಾರ ಬಹಳ ದಿನಗಳಿಂದ ಕಾರ್ಯಕಾರಿ ಸಮಿತಿಯ ಮುಂದಿದ್ದುದು ಸದಸ್ಯರಿಗೆ ತಿಳಿದೇ ಇದೆ. ಈಗ ಅದಕ್ಕೊಂದು ರೂಪ ಬಂದಿದ್ದು, ದರಪಟ್ಟಿಯ ಕರಡು ಬರುವ ಮಹಾಸಭೆಯಲ್ಲಿ ಮಂಡನೆಯಾಗಲಿದೆ. ಸದರಿ ಕರಡಿನಲ್ಲಿ ದಿನದ ಕೆಲಸಕ್ಕೆ ಎರಡು ಸಾಲುಗಳಿವೆ: ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ. ಸಮಿತಿಯಲ್ಲಿ ನಾನು ಇದಕ್ಕೆ ಆಕ್ಷೇಪ ಎತ್ತಿದಾಗ, "ಇದು ಊರಿನ ಪದ್ಧತಿ ಮಾರಾಯ್ರೆ, ನಾವು ಹೊಸತಾಗಿ ಮಾಡಿದ್ದಲ್ಲವಲ್ಲ" ಎಂಬ ಉತ್ತರ ಬಂತು. ಕರಡನ್ನು ಸಭೆಗೆ ಮಂಡಿಸುವುದು ಕಾರ್ಯದರ್ಶಿಯಾಗಿ ನನ್ನ ಕೆಲಸ, ಅದನ್ನು ಮಾಡುತ್ತೇನೆ. ಆದರೆ ಒಬ್ಬ ಬೆಳೆಗಾರನಾಗಿ ಆ ಎರಡು ಸಾಲುಗಳನ್ನು ತೆಗೆದು ಒಂದು ಮಾಡಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಸಭೆಯ ಗದ್ದಲದಲ್ಲಿ ಹೇಳುವುದಕ್ಕಿಂತ ಇಲ್ಲಿ ಬರೆಯುವುದೇ ಮೇಲೆಂದು ತೋರಿತು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಯಾವ ತೋಟದ ಹಾಜರಿ ಪುಸ್ತಕ ತೆರೆದರೂ "ಗಂ. 2, ಹೆ. 4" ಎಂಬ ಬರಹ ಕಾಣುತ್ತದೆ. ಆ ದಿನ ಅವರು ಮಾಡಿದ್ದೇನು ಎಂಬುದು ಅದರಲ್ಲಿ ಇರುವುದಿಲ್ಲ. ಇಬ್ಬರು ಗಂಡಸರು ಮರದ ಬುಡ ಬಿಡಿಸಿರಬಹುದು. ನಾಲ್ವರು ಹೆಂಗಸರು ಹಟ್ಟಿಯಿಂದ ಗೊಬ್ಬರವನ್ನು ಬುಟ್ಟಿಯಲ್ಲಿ ಹೊತ್ತು, ಜಾರುವ ಮೆಟ್ಟಲಿಳಿದು, ಸಂಕ ದಾಟಿ, ಅದೇ ಬುಡಕ್ಕೆ ತಂದು ಹಾಕಿರಬಹುದು. ಇವುಗಳಲ್ಲಿ ಹಗುರದ ಕೆಲಸ ಯಾವುದೆಂದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಆಟಿ ತಿಂಗಳ ಮಳೆಯಲ್ಲಿ ಉಂಬಳ ಕಚ್ಚಿಸಿಕೊಳ್ಳುತ್ತಾ, ಬೆನ್ನು ಬಗ್ಗಿಸಿ, ಕೊಳೆ ಬಂದು ಉದುರಿದ ಅಡಿಕೆಯನ್ನು ಹೆಕ್ಕುವವರು ಹೆಂಗಸರು. ಅಂಗಳದಲ್ಲಿ ಹರವಿ ಮಗುಚಿ, ಮೋಡ ಕಂಡರೆ ಓಡಿ ಬಾಚುವವರು ಅವರು. ಸುಲಿದ ಚಾಲಿಯಲ್ಲಿ ಪಟೋರ, ಉಳ್ಳಿ, ಕರಿಗೋಟುಗಳನ್ನು ಬೇರೆ ಮಾಡುವಾಗ ಅವರ ಕಣ್ಣು ಒಮ್ಮೆ ತಪ್ಪಿದರೆ ಮಂಡಿಯಲ್ಲಿ ನಮ್ಮ ಚೀಲದ ದರವೇ ಇಳಿಯುತ್ತದೆ. ಇಷ್ಟಾದರೂ ಪುಸ್ತಕದಲ್ಲಿ "ಹೆ." ಎಂದು ಬರೆದ ಕೂಡಲೇ ಸಂಬಳ ಕಡಿಮೆಯಾಗುತ್ತದೆ. ಅಂದರೆ ನಾವು ದರ ಕಟ್ಟುವುದು ಕೆಲಸಕ್ಕಲ್ಲ, ಮಾಡುವವರು ಯಾರೆಂಬುದಕ್ಕೆ.

ಈ ಪದ್ಧತಿ ಎಲ್ಲಿಂದ ಬಂತು? ಡೆನ್ಮಾರ್ಕಿನ ಎಸ್ತರ್ ಬೊಸರಪ್ ಎಂಬ ಅರ್ಥಶಾಸ್ತ್ರಜ್ಞೆ 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೇರೆ ಬೇರೆ ದೇಶಗಳ ಬೇಸಾಯವನ್ನು ಹೋಲಿಸಿದರು. ಗುದ್ದಲಿಯಿಂದ ಬೇಸಾಯ ಮಾಡುವ ಸೀಮೆಗಳಲ್ಲಿ ಹೆಚ್ಚಿನ ಕೆಲಸ ಹೆಂಗಸರದು. ನೇಗಿಲು ಬಂದಲ್ಲಿ ಬೇಸಾಯ ಗಂಡಸಿನ ಕೈಗೆ ಹೋಯಿತು. ನೀರು ನಿಲ್ಲಿಸಿ ಭತ್ತ ಬೆಳೆಯುವಲ್ಲಿ ಇಬ್ಬರೂ ಗದ್ದೆಗೆ ಇಳಿಯಬೇಕಾಯಿತು ಎಂಬುದು ಅವರ ವಾದದ ಸಾರ. ನಮ್ಮದು ಈ ಮೂರನೆಯ ಬಗೆ. ಗಂಡಸರದು ಹೂಟಿ, ಹೆಂಗಸರದು ನಟ್ಟಿ. ಹೂಡುವವನು ಕೋಣಗಳನ್ನೂ ನೇಗಿಲನ್ನೂ ನಿಭಾಯಿಸಬೇಕಾದ್ದರಿಂದ ಅವನಿಗೆ ಹೆಚ್ಚು ಸಂಬಳವೆಂದು ಆಗ್ಗೆ ಆಯಿತು. ಅದರಲ್ಲಿ ಒಂದು ಲೆಕ್ಕ ಇತ್ತೆಂದೇ ಒಪ್ಪೋಣ. ಈಗ ಕೋಣಗಳು ಕಂಬಳದ ಗದ್ದೆಗಳಲ್ಲಿ ಕಾಣಸಿಗುತ್ತವೆ, ಹೂಟಿಗೆ ಟಿಲ್ಲರ್ ಬಂದು ದಶಕಗಳೇ ಕಳೆದವು, ಎಷ್ಟೋ ಗದ್ದೆಗಳು ಅಡಿಕೆ ತೋಟಗಳಾಗಿವೆ. ನೇಗಿಲು ಅಟ್ಟ ಸೇರಿತು; ನೇಗಿಲಿನ ಸಂಬಳ ಮಾತ್ರ ಹಾಗೆಯೇ ಉಳಿಯಿತು. ಜನ್ಮದಲ್ಲಿ ನೇಗಿಲು ಹಿಡಿಯದ ಹುಡುಗನೂ ತೋಟದಲ್ಲಿ ಸೋಗೆ ಎಳೆಯುವುದಕ್ಕೆ ಹೂಟಿಯವನ ದರ ಪಡೆಯುತ್ತಾನೆ.

ತಕ್ಕಡಿ ಬಂದಲ್ಲಿ ಈ ವ್ಯತ್ಯಾಸ ನಿಲ್ಲುವುದಿಲ್ಲ. ಅಡಿಕೆ ಸುಲಿಯುವುದಕ್ಕೆ ನಾವು ಕಿಲೋ ಲೆಕ್ಕದಲ್ಲಿ ಕೊಡುತ್ತೇವೆ. ಗಂಡಸು ಸುಲಿದ ಕಿಲೋಗೆ ಒಂದು, ಹೆಂಗಸು ಸುಲಿದ ಕಿಲೋಗೆ ಇನ್ನೊಂದು ಎಂದು ಯಾರೂ ಹೇಳಿದ್ದಿಲ್ಲ; ಹೇಳಿದರೆ ನಗೆಪಾಟಲಾದೀತು. ಘಟ್ಟದ ಮೇಲಿನ ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಲಿಗೂ ಕಿಲೋ ಲೆಕ್ಕವಿದ್ದಲ್ಲಿ ಹೀಗೆಯೇ. ಕೈ ಚುರುಕಿದ್ದ ಹೆಂಗಸು ಸಂಜೆ ತೂಕದ ಹೊತ್ತಿಗೆ ಗಂಡಸಿಗಿಂತ ಮುಂದಿರುವುದನ್ನು ಘಟ್ಟ ಹತ್ತಿ ಕೆಲಸಕ್ಕೆ ಹೋಗಿಬಂದ ನಮ್ಮೂರಿನ ಹಿರಿಯರೆಲ್ಲ ಕಂಡವರೇ. ಮರುದಿನ ಅದೇ ಇಬ್ಬರು ದಿನಗೂಲಿಗೆ ನಿಂತರೆ ಅವಳು ಹಿಂದೆ ಬೀಳುತ್ತಾಳೆ. ಒಂದು ರಾತ್ರಿಯಲ್ಲಿ ಅವಳ ಕೈ ಬದಲಾಯಿತೇ?

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ಅಮೇರಿಕದ ಕ್ಲಾಡಿಯಾ ಗೋಲ್ಡಿನ್ ಅವರು ತಮ್ಮ ದೇಶದ ಇನ್ನೂರು ವರ್ಷಗಳ ದಾಖಲೆ ತೆಗೆದು ನೋಡಿದಾಗ ಕಂಡದ್ದು ಬಹುಮಟ್ಟಿಗೆ ಇದನ್ನೇ. ಕಾರ್ಖಾನೆಗಳಲ್ಲಿ ಮಾಡಿದ ತುಂಡಿಗಿಷ್ಟು ಎಂದು ಕೊಡುತ್ತಿದ್ದ ಪದ್ಧತಿ ಹೋಗಿ ತಿಂಗಳ ಸಂಬಳ ಬಂದಾಗ ಹೆಂಗಸರ ವಿರುದ್ಧದ ತಾರತಮ್ಯ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ತುಂಡಿನ ಲೆಕ್ಕದಲ್ಲಿ ಯಾರು ಎಷ್ಟು ಮಾಡಿದರೆಂಬುದು ಕಣ್ಣಿಗೆ ಕಾಣುತ್ತದೆ. ತಿಂಗಳ ಲೆಕ್ಕದಲ್ಲಿ ಯಜಮಾನನ ಅಂದಾಜು ನಡೆಯುತ್ತದೆ. ಇನ್ನೊಂದು ವಿಷಯವನ್ನೂ ಅವರು ತೋರಿಸಿದರು. ಹಳೆಯ ಜನಗಣತಿ ಪುಸ್ತಕಗಳಲ್ಲಿ ಮದುವೆಯಾದವಳ ಉದ್ಯೋಗದ ಜಾಗದಲ್ಲಿ "ಹೆಂಡತಿ" ಎಂದಷ್ಟೇ ಬರೆದಿದ್ದರು. ಹೊಲದಲ್ಲಿ, ಮನೆಯ ಕಸುಬಿನಲ್ಲಿ ಅವಳು ದುಡಿದದ್ದನ್ನು ಸೇರಿಸಿ ಎಣಿಸಿದಾಗ, 1890ರ ದಶಕದ ಕೊನೆಗೆ ದುಡಿಯುತ್ತಿದ್ದ ಮದುವೆಯಾದ ಹೆಂಗಸರ ಪ್ರಮಾಣ ಸರಕಾರಿ ಲೆಕ್ಕದ ಮೂರು ಪಾಲು ಆಯಿತು! ನಮ್ಮಲ್ಲೂ ಇದು ಹೊಸತಲ್ಲ. 1991ರ ಜನಗಣತಿಯಲ್ಲಿ, ಹೊಲದಲ್ಲೋ ಮನೆಯ ಉದ್ದಿಮೆಯಲ್ಲೋ ಸಂಬಳವಿಲ್ಲದೆ ದುಡಿಯುವುದೂ ಕೆಲಸವೇ ಎಂದು ಪ್ರಶ್ನೆಯಲ್ಲೇ ಸೇರಿಸಬೇಕಾಯಿತು.

ಹಾಗಾದರೆ ಎಲ್ಲವನ್ನೂ ಕಿಲೋ ಲೆಕ್ಕಕ್ಕೆ ತಂದರೆ ಮುಗಿಯಿತೇ ಎಂದು ಕೇಳಬಹುದು. ಮುಗಿಯುವುದಿಲ್ಲ. ಬೀಡಿ ಕಟ್ಟುವುದು ಸಾವಿರಕ್ಕಿಷ್ಟು ಎಂಬ ಲೆಕ್ಕದ ಕೆಲಸ. ಗೇರುಬೀಜದ ಕಾರ್ಖಾನೆಗಳಲ್ಲಿ ಒಡೆಯುವುದು, ಸಿಪ್ಪೆ ತೆಗೆಯುವುದು ತೂಕದ ಕೆಲಸ. ಎರಡರಲ್ಲೂ ಕರಾವಳಿಯ ಹೆಂಗಸರೇ ತುಂಬಿದ್ದಾರೆ. ಅಲ್ಲಿ ಗಂಡಸಿಗೂ ಹೆಂಗಸಿಗೂ ದರ ಒಂದೇ, ನಿಜ. ಆದರೆ ಗಂಡಸರು ಅತ್ತ ಮುಖ ಹಾಕುವುದೇ ಕಡಿಮೆ, ಏಕೆಂದರೆ ದರವೇ ಗಿಟ್ಟುವುದಿಲ್ಲ. ಹೆಂಗಸರೇ ಮಾಡುವ ಕೆಲಸವೆಂದಾದ ಮೇಲೆ ಆ ಕೆಲಸದ ದರವನ್ನೇ ತಗ್ಗಿಸಿಡುವುದು ಇನ್ನೊಂದು ದಾರಿ. ಆದುದರಿಂದ ದರಪಟ್ಟಿಯಲ್ಲಿ "ಪುರುಷ, ಮಹಿಳೆ" ಎಂಬ ಶಬ್ದಗಳನ್ನು ಹೊಡೆದು ಹಾಕಿ, "ತೋಟದ ಕೆಲಸ, ಅಂಗಳದ ಕೆಲಸ" ಎಂದು ಬರೆದು, ಎರಡನೆಯದಕ್ಕೆ ಹಳೆಯ ಹೆಣ್ಣಾಳಿನ ದರವನ್ನೇ ಇಟ್ಟರೆ ಏನೂ ಮಾಡಿದ ಹಾಗಾಗುವುದಿಲ್ಲ. ಸಮಿತಿಯಲ್ಲಿ ಇಂಥದ್ದೊಂದು ಸಲಹೆಯೂ ಬಂದಿತ್ತು. ಆದ್ದರಿಂದಲೇ ಇಲ್ಲಿ ಹೇಳಬೇಕಾಯಿತು.

ಹೊರಗಿನ ಪ್ರಪಂಚದಲ್ಲಿ ಎಲ್ಲ ಸರಿಯಿದೆ, ನಮ್ಮಲ್ಲಿ ಮಾತ್ರ ಕೆಟ್ಟಿದೆ ಎಂಬುದು ನನ್ನ ಅಭಿಪ್ರಾಯವಲ್ಲ. ನಮ್ಮ ಮಕ್ಕಳು ಬಾಯಿ ತುಂಬ ಹೊಗಳುವ ದಕ್ಷಿಣ ಕೊರಿಯಾದಲ್ಲಿ ಗಂಡಸು ನೂರು ಪಡೆದರೆ ಹೆಂಗಸಿಗೆ ಸಿಗುವುದು ಎಪ್ಪತ್ತರ ಆಸುಪಾಸು. ಅಮೇರಿಕದಲ್ಲಿ ಎಂಬತ್ತರ ಆಚೀಚೆ. ಡೆನ್ಮಾರ್ಕಿನಲ್ಲಿ ಲೆಕ್ಕ ಹಾಕಿ ನೋಡಿದವರಿಗೆ ಕಂಡದ್ದೇನೆಂದರೆ, ಮೊದಲ ಮಗು ಹುಟ್ಟುವ ತನಕ ಗಂಡ ಹೆಂಡಿರ ಆದಾಯ ಹೆಚ್ಚುಕಡಿಮೆ ಜೊತೆಜೊತೆಯಾಗಿ ಸಾಗುತ್ತದೆ. ಮಗು ಹುಟ್ಟಿದ ಮೇಲೆ ತಾಯಿಯದು ನೂರಕ್ಕೆ ಇಪ್ಪತ್ತರಷ್ಟು ಕುಸಿದು ಮತ್ತೆ ಮೇಲೇಳುವುದಿಲ್ಲ. ತಂದೆಯದಕ್ಕೆ ಏನೂ ಆಗುವುದಿಲ್ಲ. ದೇಶ ಶ್ರೀಮಂತವಾದ ಮಾತ್ರಕ್ಕೆ ಈ ಅಂತರ ತಾನಾಗಿ ಹೋಗುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶದ ಕಥೆ ಗಂಗೊಳ್ಳಿ, ಮಲ್ಪೆಯ ಮೀನು ಬಂದರುಗಳನ್ನು ಕಂಡ ನಮಗೆ ಚೆನ್ನಾಗಿ ಅರ್ಥವಾಗುವಂಥದ್ದು. ಅದೂ ಮೀನಿನ ದೇಶವೇ. 1975ರ ಅಕ್ಟೋಬರ 24ರಂದು ಅಲ್ಲಿನ ನೂರಕ್ಕೆ ತೊಂಬತ್ತರಷ್ಟು ಹೆಂಗಸರು ಆ ದಿನ ಸಂಬಳದ ಕೆಲಸವನ್ನೂ ಮಾಡಲಿಲ್ಲ, ಮನೆಯ ಕೆಲಸವನ್ನೂ ಮಾಡಲಿಲ್ಲ. ಮೀನು ಸಂಸ್ಕರಣದ ಕಾರ್ಖಾನೆಗಳು ನಿಂತವು, ಶಾಲೆಗಳು ಮುಚ್ಚಿದವು, ಗಂಡಸರು ಮಕ್ಕಳನ್ನು ಕಟ್ಟಿಕೊಂಡು ಕಛೇರಿಗೆ ಹೋದರು. ಮರುವರ್ಷ ಸಮಾನತೆಯ ಕಾನೂನು ಬಂತು. 2018ರಿಂದ, 25 ಯಾ ಹೆಚ್ಚು ನೌಕರರಿರುವ ಸಂಸ್ಥೆಗಳು ತಾವು ಸಮಾನ ವೇತನ ಕೊಡುತ್ತಿದ್ದೇವೆಂದು ಪ್ರಮಾಣಪತ್ರ ಪಡೆಯಬೇಕೆಂದಾಯಿತು. ಅಲ್ಲಿನವರು ಇಷ್ಟಕ್ಕೂ ತೃಪ್ತರಲ್ಲ. 2023ರಲ್ಲಿ ಅದೇ ದಿನ ಹೆಂಗಸರು ಮತ್ತೆ ಕೆಲಸ ನಿಲ್ಲಿಸಿದರು, ಆ ದೇಶದ ಮಹಿಳಾ ಪ್ರಧಾನಿಯೂ ಸೇರಿ.

ಅಲ್ಲಿ ಮುಷ್ಕರ ನಡೆಯುವ ಒಂದು ತಿಂಗಳ ಮೊದಲೇ, 1975ರ ಸೆಪ್ಟೆಂಬರ 26ರಂದು, ನಮ್ಮ ದೇಶದಲ್ಲಿ ಸಮಾನ ವೇತನದ ಸುಗ್ರೀವಾಜ್ಞೆ ಹೊರಟಿತ್ತು. 1976ರಲ್ಲಿ ಅದು ಕಾಯ್ದೆಯಾಯಿತು. ಅದನ್ನು ಮೊದಲು ಅನ್ವಯಿಸಿದ್ದು ಪ್ಲಾಂಟೇಶನ್‌ಗಳಿಗೆ ಎಂಬುದನ್ನು ತೋಟದವರಾದ ನಾವು ಗಮನಿಸಬೇಕು. ಅದಕ್ಕೂ ಮೊದಲು ದೊಡ್ಡ ತೋಟಗಳ ವೇತನ ಒಪ್ಪಂದಗಳಲ್ಲಿ ಗಂಡಸು, ಹೆಂಗಸು, ಮಕ್ಕಳು ಎಂದು ಬೇರೆ ಬೇರೆ ದರ ಬರೆಯುವುದು ಸಾಮಾನ್ಯವಾಗಿತ್ತು. ಈಗ ಆ ಕಾಯ್ದೆಯ ಸಾರ 2019ರ ವೇತನ ಸಂಹಿತೆಯಲ್ಲಿ ಸೇರಿದೆ. ಒಂದೇ ಕೆಲಸ, ಯಾ ಒಂದೇ ಬಗೆಯ ಕೆಲಸವೆಂದರೆ ಕೌಶಲ, ಶ್ರಮ, ಅನುಭವ, ಹೊಣೆ ಇವು ಒಂದೇ ಮಟ್ಟದ್ದಾಗಿರುವ ಕೆಲಸ. ಅದಕ್ಕೆ ಹೆಣ್ಣೆಂಬ ಕಾರಣಕ್ಕೆ ಕಡಿಮೆ ಕೊಡುವಂತಿಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಚಹಾ, ಕಾಫಿ, ರಬ್ಬರ್ ಮುಂತಾದ ದೊಡ್ಡ ತೋಟಗಳದ್ದಾಗಿತ್ತು, ಅಡಿಕೆಯವರಾದ ನಾವು ಅದರ ಹೊರಗಿದ್ದೆವು. ಆ ಅಭ್ಯಾಸದಿಂದ ಯಾವ ಕಾನೂನೂ ನಮ್ಮ ತೋಟದ ದಣಪೆ ದಾಟುವುದಿಲ್ಲವೆಂಬ ಭಾವನೆ ನಮ್ಮಲ್ಲಿ ಉಳಿದಿದೆ. ಸಮಾನ ವೇತನದ ನಿಯಮಕ್ಕೆ ಅಂಥ ದಣಪೆ ಇಲ್ಲ. ಅದರಲ್ಲೂ ರಿಜಿಸ್ಟರ್ ಆದ ಸಹಕಾರಿ ಸಂಘವೊಂದು ಎರಡು ದರಗಳನ್ನು ಅಚ್ಚು ಹಾಕಿಸಿ, ಮೊಹರು ಒತ್ತಿ, ಗೋಡೆಗೆ ಅಂಟಿಸುವುದೆಂದರೆ ಕಾನೂನು ಮುರಿದದ್ದಕ್ಕೆ ನಾವೇ ಸಾಕ್ಷಿ ಬರೆದುಕೊಟ್ಟ ಹಾಗೆ.

ಇನ್ನು ಆಕ್ಷೇಪಗಳು. ಗಂಡಸು ಐವತ್ತು ಕಿಲೋದ ಮೂಟೆ ಎತ್ತುತ್ತಾನೆ ಎಂಬುದು ಮೊದಲನೆಯದು. ಎತ್ತುತ್ತಾನೆ, ಸರಿ. ಎತ್ತಿದ ದಿನ ಎತ್ತಿದ್ದಕ್ಕೆ ಹೆಚ್ಚು ಕೊಡೋಣ. ವರ್ಷದಲ್ಲಿ ಕೆಲವೇ ದಿನ ಎತ್ತುವ ಮೂಟೆಗಾಗಿ ವರ್ಷವಿಡೀ ಹೆಚ್ಚು ಕೊಡುವುದು ಯಾವ ವ್ಯಾಪಾರ?

ಹೆಂಗಸರು ತಡವಾಗಿ ಬಂದು ಬೇಗ ಹೋಗುತ್ತಾರೆಂಬುದು ಎರಡನೆಯದು. ಇದರಲ್ಲಿ ಸ್ವಲ್ಪ ನಿಜವಿದೆ. 2024ರಲ್ಲಿ ಸರಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಂತೆ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. (ಮಾಡುವ ಗಂಡಸರು ಎಷ್ಟು ಮಂದಿ ಎಂಬುದು ಬೇರೆ ಮಾತು.) ಗಂಜಿ ಬೇಯಿಸಿ, ಹಟ್ಟಿ ಬಾಚಿ, ಮಕ್ಕಳನ್ನು ಶಾಲೆಗೆ ಕಳಿಸಿ ಬರುವವರಿಗೆ ಅರ್ಧ ಗಂಟೆ ತಡವಾದರೆ ಗಂಟೆಯ ಲೆಕ್ಕದಲ್ಲಿ ಅರ್ಧ ಗಂಟೆಯಷ್ಟನ್ನೇ ಕಳೆಯಿರಿ. ಅರ್ಧ ಗಂಟೆಗೆ ಕಾಲು ದಿನದ ಸಂಬಳ ಹಿಡಿಯುವ ಲೆಕ್ಕವನ್ನು ನಮ್ಮ ಯಾವ ಮಂಡಿಯ ಸಾಹುಕಾರನೂ ನಮ್ಮ ಮೇಲೆ ಪ್ರಯೋಗಿಸಿದರೆ ನಾವು ಸುಮ್ಮನಿರುತ್ತೇವೆಯೇ?

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದುದು: ನಾವು ಸಣ್ಣವರು, ನಮಗೆ ತಡೆಯುವುದಿಲ್ಲ. ಕೊಳೆರೋಗ ಬಿಟ್ಟ ವರ್ಷ ಎಲೆಚುಕ್ಕಿ, ಎಲೆಚುಕ್ಕಿ ಬಿಟ್ಟ ವರ್ಷ ಮಂಗಗಳು. ಈ ಕಷ್ಟವನ್ನು ನಾನು ಬಲ್ಲೆ, ನನ್ನದೂ ಅದೇ ತೋಟ. ಆದರೂ ಲೆಕ್ಕ ಹಾಕಿ ನೋಡೋಣ. ಒಂದು ಸಣ್ಣ ತೋಟಕ್ಕೆ ವರ್ಷಕ್ಕೆ ಅರುವತ್ತು ಹೆಣ್ಣಾಳು ಬೇಕೆಂದಿಟ್ಟುಕೊಳ್ಳಿ. ಆಳಿಗೆ ನೂರೈವತ್ತು ರೂಪಾಯಿ ಏರಿಸಿದರೆ ವರ್ಷಕ್ಕೆ 9,000 ರೂಪಾಯಿ. ಚಾಲಿಗೆ ಕಿಲೋಗೆ 450 ಹಿಡಿದರೆ ಇಪ್ಪತ್ತು ಕಿಲೋ ಅಡಿಕೆ. ಮಳೆಗಾಲದಲ್ಲಿ ಹೆಕ್ಕುವವರು ಸಿಗದೆ ನೀರುಪಾಲಾಗುವುದು, ಬಿಸಿಲಿಗೆ ಮಗುಚುವವರಿಲ್ಲದೆ ಬೂಸ್ಟು ಹಿಡಿಯುವುದು ಇದಕ್ಕಿಂತ ಕಡಿಮೆಯೇ ಎಂದು ಪ್ರತಿಯೊಬ್ಬರೂ ತಮ್ಮ ಅಂಗಳವನ್ನೇ ನೆನೆದು ನೋಡಬೇಕು. ಕಾನೂನಿನ ಮಾತೂ ಒಂದಿದೆ. 1987ರಲ್ಲಿ ಆಡ್ರಿ ಡಿ'ಕೋಸ್ತಾ ಎಂಬ ಸ್ಟೆನೋಗ್ರಾಫರ್ ಮಹಿಳೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕೊಡುವ ಶಕ್ತಿ ಇಲ್ಲವೆಂಬುದು ಸಮಾನ ವೇತನ ತಪ್ಪಿಸಲು ಕಾರಣವಾಗದು ಎಂದಿತು.

ಕೊಡದಿದ್ದರೆ ಆಗುವುದೇನೆಂಬುದನ್ನೂ ನೋಡಬೇಕು. ನಟ್ಟಿಗೆ ಯಂತ್ರ ಬಂತು, ಕೊಯ್ಲಿಗೆ ಯಂತ್ರ ಬಂತು. ಅದರ ಮೇಲೆ ಕುಳಿತವರು ಗಂಡಸರು, ಕೆಲಸ ಹೋದದ್ದು ಹೆಂಗಸರದು. ಹಾಗೆ ಬಿಡುವಾದವರು ನಮ್ಮ ತೋಟಗಳಿಗೆ ಬರುತ್ತಾರೆಂದು ನಾವು ಎಣಿಸಿದ್ದೆವು. ಬರಲಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಮಣ್ಣು ಕೆಲಸಕ್ಕೆ ಗಂಡಸು ಹೆಂಗಸೆನ್ನದೆ ಒಂದೇ ದರ ಸಿಕ್ಕಿದ್ದನ್ನು ಅವರು ಕಂಡರು. ಬೆಳಗಿನ ಬಸ್ಸುಗಳಲ್ಲಿ ಉಡುಪಿ, ಮಣಿಪಾಲದ ಕಡೆ ಅಂಗಡಿ, ಹೋಟೆಲು, ಆಸ್ಪತ್ರೆಗಳ ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳು ತುಂಬಿರುತ್ತಾರೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸುಗಳದ್ದು. ಖಾಸಗಿ ಬಸ್ಸುಗಳೇ ಹೆಚ್ಚಿರುವ ನಮ್ಮ ಕಡೆ ಅವರು ಕೈಯಿಂದ ಟಿಕೇಟು ತೆಗೆದುಕೊಂಡಾದರೂ ಹೋಗುತ್ತಾರೆ. ಹತ್ತಿರದ ತೋಟ ಬಿಟ್ಟು ಅಷ್ಟು ದೂರ ಏಕೆ ಹೋಗುತ್ತಾರೆಂದು ಕೇಳುವ ಮೊದಲು ನಮ್ಮ ಹಾಜರಿ ಪುಸ್ತಕವನ್ನು ತೆರೆಯಬೇಕು. "ಆಳು ಸಿಕ್ಕುವುದಿಲ್ಲ" ಎಂದು ಸಂಘದ ಜಗಲಿಯಲ್ಲಿ ಕುಳಿತು ನಾವು ಹೇಳುವಾಗ ಆಳೆಂದರೆ ಗಂಡಾಳು ಎಂದೇ ನಮ್ಮ ಮನಸ್ಸಿನಲ್ಲಿರುತ್ತದೆ.

ದರದ ಜೊತೆಗೆ ತರಬೇತಿಯೂ ಬೇಕು. ಹುಲ್ಲು ಕತ್ತರಿಸುವ ಯಂತ್ರ, ಮದ್ದು ಬಿಡುವ ಪಂಪು, ಕಾರ್ಬನ್ ಫೈಬರ್ ದೋಟಿ ಇವುಗಳಿಗೆ ದರ ಹೆಚ್ಚು. ಇವನ್ನು ಕಲಿಸುವಾಗ ಗಂಡುಹುಡುಗರನ್ನಷ್ಟೇ ಕರೆದರೆ ಹೊಸ ದರಪಟ್ಟಿಯಲ್ಲೂ ಹಳೆಯ ಎರಡು ಸಾಲುಗಳೇ ಬೇರೆ ಹೆಸರಿನಲ್ಲಿ ಬಂದು ಕೂರುತ್ತವೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಆರಂಭಿಸಿದ ಮರ ಹತ್ತುವ ತರಬೇತಿಯಲ್ಲಿ ಹೆಂಗಸರೂ ಕಲಿತು ಅದನ್ನೇ ಕಸುಬಾಗಿ ಮಾಡಿಕೊಂಡರು. ಬ್ರಹ್ಮಾವರದಲ್ಲಿ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಎರಡೂ ನಮ್ಮ ಕೈಗೆಟಕುವಲ್ಲಿವೆ. ಎಲ್ಲ ಹೆಂಗಸರೂ ಅಡಿಕೆ ಮರ ಹತ್ತಬೇಕೆಂದು ನಾನು ಹೇಳುವುದಿಲ್ಲ. ಗಂಡಸರಲ್ಲಿ ಹತ್ತುವವರು ಎಷ್ಟು ಮಂದಿ ಉಳಿದಿದ್ದಾರೆ?

ಈ ಲೇಖನದಲ್ಲಿ ಹೇಳದೆ ಬಿಟ್ಟದ್ದು ನಮ್ಮ ಮನೆಗಳವರ ವಿಷಯ. ಸರಕಾರಿ ಶ್ರಮಶಕ್ತಿ ಸಮೀಕ್ಷೆಯಂತೆ, ದೇಶದ ಹಳ್ಳಿಗಳಲ್ಲಿ ದುಡಿಮೆಯಲ್ಲಿರುವ ಯಾ ಕೆಲಸ ಹುಡುಕುವ ಹೆಂಗಸರ ಪ್ರಮಾಣ 2017-18ರಲ್ಲಿ ನೂರಕ್ಕೆ 24.6 ಇದ್ದುದು 2023-24ರಲ್ಲಿ 47.6 ಆಯಿತು. ಏರಿಕೆ ದೊಡ್ಡದು, ಆದರೆ ಅದರಲ್ಲಿ ಬಹುಪಾಲು ಸ್ವಂತ ದುಡಿಮೆಯವರು, ಮತ್ತು ಮನೆಯ ಉದ್ದಿಮೆಯಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರು. ಅಂದರೆ ನಮ್ಮ ತೋಟದ ಅಂಗಳದಲ್ಲಿರುವವರೇ. ಪಹಣಿ ಗಂಡಸಿನ ಹೆಸರಿನಲ್ಲಿ, ಸಂಘದ ಪಾಲು ಗಂಡಸಿನ ಹೆಸರಿನಲ್ಲಿ, ಅಡಿಕೆಯ ಚೆಕ್ಕು ಗಂಡಸಿನ ಹೆಸರಿನಲ್ಲಿ. 2015-16ರ ಕೃಷಿಗಣತಿಯಂತೆ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರವು ನೂರಕ್ಕೆ ಸುಮಾರು 14. ಅಳಿಯಸಂತಾನದ ಸೀಮೆಯೆಂದು ಹೆಮ್ಮೆ ಪಡುವ ನಮ್ಮ ಕಡೆಯಲ್ಲೂ ಸಂಘದ ಸದಸ್ಯರ ರಿಜಿಸ್ಟರು ನೋಡಿದರೆ ಆ ಹೆಮ್ಮೆಗೆ ಆಧಾರ ಸಿಗುವುದು ಕಷ್ಟ. ಇದು ಬೇರೆಯೇ ಲೇಖನದ ವಸ್ತು, ಮುಂದೊಂದು ಸಂಚಿಕೆಯಲ್ಲಿ ಬರೆಯುವೆ.

ದರಪಟ್ಟಿಗೆ ನಾನು ಸೂಚಿಸುವ ತಿದ್ದುಪಡಿ ಇಷ್ಟು. ತಂಡದಲ್ಲಿ ಯಾರೇ ಬಂದರೂ ದಿನಕ್ಕೆ ಮೂಲ ದರ ಒಂದೇ, ಮತ್ತು ಅದು ಈಗ ಕರಡಿನಲ್ಲಿರುವ ಗಂಡಾಳಿನ ದರವೇ ಆಗಿರಬೇಕು. ಎರಡರ ನಡುವಿನದ್ದಲ್ಲ, ಏಕೆಂದರೆ ಒಬ್ಬರದನ್ನು ಇಳಿಸಿ ಸಮ ಮಾಡುವುದಕ್ಕೂ ಕಾನೂನು ಒಪ್ಪುವುದಿಲ್ಲ. ಮರ ಹತ್ತುವುದು, ಮದ್ದು ಬಿಡುವುದು, ಯಂತ್ರ ನಡೆಸುವುದು, ಮೂಟೆ ಹೊರುವುದು, ಇವಕ್ಕೆ ಮೂಲ ದರದ ಮೇಲೆ ಪ್ರತ್ಯೇಕ ದರ. ಅಡಿಕೆ ವಿಂಗಡಣೆಯನ್ನೂ ಈ ಕೌಶಲದ ಕೆಲಸಗಳ ಸಾಲಿಗೆ ಸೇರಿಸಬೇಕು. ಕಡಿಮೆ ಹೊತ್ತು ದುಡಿದವರಿಗೆ ಗಂಟೆಯ ಲೆಕ್ಕ. ಸಂಘದಿಂದ ಅಚ್ಚು ಹಾಕಿಸುವ ಹಾಜರಿ ಪುಸ್ತಕದಲ್ಲಿ "ಗಂ.", "ಹೆ." ಅಂಕಣಗಳ ಬದಲು ಕೆಲಸದ ಹೆಸರು ಬರೆಯುವ ಅಂಕಣ.

ಕರಡು ಪಟ್ಟಿಯನ್ನೂ ಈ ತಿದ್ದುಪಡಿಯನ್ನೂ ಅಕ್ಕಪಕ್ಕದಲ್ಲಿ ಸಂಘದ ಕಛೇರಿಯ ನೋಟೀಸು ಬೋರ್ಡಿನಲ್ಲಿ ಹಾಕಲಾಗಿದೆ. ವಿರೋಧವಿದ್ದವರು ತಮ್ಮ ವಿರೋಧವನ್ನು ಕಾರಣ ಸಹಿತ, ಮಹಾಸಭೆಗೆ ಒಂದು ವಾರ ಮುಂಚಿತವಾಗಿ ಬರೆದು ಕಛೇರಿಗೆ ತಲುಪಿಸಿದಲ್ಲಿ ಅದನ್ನೂ ಪ್ರತಿ ಮಾಡಿಸಿ ಸಭೆಯಲ್ಲಿ ಎಲ್ಲರಿಗೂ ಹಂಚಲಾಗುವುದು. ಮನೆಯಲ್ಲಿ ತೋಟದ ಲೆಕ್ಕ ಇಡುವವರು ಹೆಂಗಸರಾಗಿದ್ದಲ್ಲಿ ಅವರನ್ನೂ ಸಭೆಗೆ ಕರೆತರಬೇಕೆಂದು ಕೋರಿಕೆ. ಸದಸ್ಯರಲ್ಲದವರಿಗೆ ಮತದ ಹಕ್ಕು ಇಲ್ಲವಾದರೂ ಅಧ್ಯಕ್ಷರ ಅನುಮತಿ ಪಡೆದು ಮಾತನಾಡಲು ಅಡ್ಡಿಯಿಲ್ಲ.